ಇನೋಬತಳ ನಾಲ್ಕನೇ ಮೂಲೆ

ಅವಳ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದದ್ದು ತಂದೂರಿನ ಮುಂದೆ. ಅಂದು ಬೆಂಕಿ ಹಾಕಿದ್ದು ನಮ್ಮ ಮನೆಯ ಹಿತ್ತಿಲಲ್ಲಿ. ಓಣಿಯ ನಾಲ್ಕಾರು ಹೆಂಗಸರು ಹಿಟ್ಟಿನ ಬೋಗುಣಿ ಹೊತ್ತು ಬಂದಿದ್ದರು. ಪೋಶ್ಶಾ ಖೋಲಾ, ಓಣಿಗೆಲ್ಲ ಖೋಲಾ ಅಂದರೆ ಚಿಕ್ಕಮ್ಮ, ಎಲ್ಲರಿಗಿಂತ ತಡವಾಗಿ ಬಂದವಳು ಬೋಗುಣಿ ಇಳಿಸುವ ಮೊದಲೇ ಶುರು ಮಾಡಿದಳು.

"ಕಾಲುವೆ ಆಚೆ ಆ ಖಾಲಿ ಮನೆ ಇದೆಯಲ್ಲ, ಅದಕ್ಕೆ ಕೋಕಂದಿಂದ ಯಾರೋ ಬಂದಿದಾರೆ ಕಣ್ರೇ. ಲಾರಿಯಿಂದ ಹಾಸಿಗೆ ಇನ್ನೂ ಇಳಿದಿಲ್ಲ. ಆ ಹೆಂಗಸು ಗುದ್ದಲಿ ಇಳಿಸ್ಕೊಂಡು ಬಾಗಿಲ ಮುಂದೆ ಅಗೀತಾ ಇದಾಳೆ."

"ಏನು ಹೂಳೋಕಂತೆ?" ಎಂದೆ.

"ಗಂಡನ್ನೇ ಇರಬೇಕು. ಪಾಪ, ಅವನು ಮೆಟ್ಟಿಲ ಮೇಲೆ ಕೂತು ತನ್ನ ಗುಂಡಿ ತಾನೇ ನೋಡ್ತಾ ಇದಾನೆ."

ರೊಟ್ಟಿ ಬೆಂದ ಮೇಲೆ ಎರಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಹೊಸಬರಿಗೆ ಬಿಸಿ ರೊಟ್ಟಿ ಕೊಡದೆ ಇರಲಾಗುತ್ತದೆಯೇ. ಅದಲ್ಲದೆ ನೋಡುವ ಆಸೆಯೂ ಇತ್ತು. ನಮ್ಮ ಬಾಗಿಲಿಗೆ ಸರಿಯಾಗಿ ಎದುರು, ಕಾಲುವೆಯ ಆ ದಡದಲ್ಲಿ ಅವರ ಬಾಗಿಲು. ಗೋಡೆಗೂ ನೀರಿಗೂ ನಡುವೆ ಇದ್ದ ಉದ್ದನೆಯ ಜಾಗದಲ್ಲಿ ಗಂಡನ ಹಳೆಯ ಕೋಟು ತೊಟ್ಟ ತೆಳ್ಳಗಿನ ಹೆಂಗಸೊಬ್ಬಳು ಗುದ್ದಲಿ ಎತ್ತಿ ಎತ್ತಿ ಹಾಕುತ್ತಿದ್ದಳು. ನನ್ನನ್ನು ಕಂಡು ಕೈಯನ್ನು ಕೋಟಿಗೆ ಒರೆಸಿಕೊಂಡಳು. ರೊಟ್ಟಿಯನ್ನು ಕಣ್ಣಿಗೆ ಒತ್ತಿ, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಜಗಿಯುತ್ತಲೇ ಮತ್ತೆ ಗುದ್ದಲಿ ಹಿಡಿದಳು.

"ಎದುರು ಮನೆಯವರಾ, ಓಪಾ?" ಎಂದಳು. ಮೊದಲ ಮಾತಿನಲ್ಲೇ ಅಕ್ಕ ಎಂದು ಕರೆದು ನನ್ನನ್ನು ಹಿರಿಯಳನ್ನಾಗಿ ಮಾಡಿದ್ದಳು. "ಹಾಗಾದ್ರೆ ನಿಮ್ಮ ಬಾಗಿಲಲ್ಲಿ ನಿಂತು ನೋಡಿ ಹೇಳಿ. ಇಲ್ಲಿ ಏನಿದ್ರೆ ಚೆನ್ನಾಗಿ ಕಾಣತ್ತೆ?"

"ಮೊದಲು ಒಳಗೆ ಹೋಗಿ ಒಲೆ ಹಚ್ಚಮ್ಮ."

"ಒಲೆ ಯಾರಿಗೆ ಕಾಣತ್ತೆ? ಬರೋರ ಕಣ್ಣಿಗೆ ಮೊದಲು ಬೀಳೋದು ಇದು."

ಬರುವವರು ಯಾರು ಎಂದು ನಾನು ಕೇಳಲಿಲ್ಲ. ಲಾರಿಯಿಂದ ಟ್ರಂಕು ಇಳಿಸುತ್ತಿದ್ದ ಹುಡುಗಿಯನ್ನು ನೋಡಿದಾಗಲೇ ತಿಳಿಯಿತು. ಮದುವೆಯ ವಯಸ್ಸು ಬಂದು, ದಾಟಿಯೂ ಹೋಗತೊಡಗಿತ್ತು. ಹೆಸರು ಚಾರೋಸ್. ನಮ್ಮಲ್ಲಿ ಕಪ್ಪು ದ್ರಾಕ್ಷಿಯ ಒಂದು ಜಾತಿಗೆ ಆ ಹೆಸರು. ಹುಡುಗಿಯ ಕಣ್ಣೂ ಹಾಗೇ ಇತ್ತು.

ಉಳಿದ ಕತೆ ಒಂದೊಂದು ಚಹಾಕ್ಕೆ ಒಂದೊಂದು ತುಂಡಾಗಿ ಹೊರಬಿತ್ತು. ಕೋಕಂದಿನಲ್ಲಿ ಚಾರೋಸಳಿಗೆ ಗಂಡು ಗೊತ್ತಾಗಿ ಎರಡು ಮನೆಯವರು ಸೇರಿ ನಿಶ್ಚಯದ ರೊಟ್ಟಿ ಮುರಿದಿದ್ದರು. ರೊಟ್ಟಿ ಮುರಿದ ಮೇಲೆ ಹುಡುಗಿ ಆ ಮನೆಯವಳೇ. ಆದರೆ ಗಂಡಿನ ಕಡೆಯವರು ಹಿಂದೆ ಸರಿದರು. ಯಾಕೆ ಎಂದು ಮನೆಯ ಮೂವರಲ್ಲಿ ಮೂರು ಮಾತು. ಅಪ್ಪ ಮಮಸೋಲಿ, ಇಟ್ಟಿಗೆ ಲಾರಿ ಓಡಿಸುವವನು, "ಹುಡುಗ ಯಾವಳೋ ನರ್ಸ್ ಹಿಂದೆ ಹೋದ" ಎನ್ನುತ್ತಿದ್ದ. ಚಾರೋಸ್, "ಹೋದ್ದು ಒಳ್ಳೇದಾಯ್ತು, ನಗೋವಾಗ ಅವನ ಕಣ್ಣು ನಗ್ತಿರಲಿಲ್ಲ" ಎನ್ನುತ್ತಿದ್ದಳು. ತಾಯಿ ಇನೋಬತಳದು ಮಾತ್ರ ಒಂದೇ ಹಟ.

"ಅವನಮ್ಮ ಹೇಳದೆ ಕೇಳದೆ ಒಂದಿನ ಬೆಳಿಗ್ಗೆ ಬಂದಿದ್ಲು, ಓಪಾ. ಬಾಗಿಲ ಮುಂದೆ ಇವರ ಲಾರಿ ಟೈರು, ಕಲ್ಲಿದ್ದಲ ರಾಶಿ, ಒಂದು ಸತ್ತ ಗುಲಾಬಿ. ನಿಂತಲ್ಲೇ ನಿಂತು ನೋಡಿದ್ಲು. ಒಳಗೆ ಬಂದು ಚಹಾ ಕುಡಿದು ಹೋದ್ಲು, ಆದ್ರೆ ಮನಸ್ಸು ಹೊರಗೇ ಮುರಿದಿತ್ತು. ನನಗೆ ಗೊತ್ತಾಯ್ತು."

ಅದು ಪೂರ್ತಿ ಸುಳ್ಳೂ ಅಲ್ಲ. ಸಂಬಂಧ ನೋಡಲು ಬರುವವರು ಬಾಗಿಲು ತಟ್ಟುವ ಮೊದಲು ಅದರ ಮುಂದಿನ ನೆಲವನ್ನು ನೋಡುತ್ತಾರೆ. ನಾವೂ ಸೊಸೆ ತರುವಾಗ ನೋಡಿದ್ದೆವು. ಬೆಳಗಾಗುವ ಮೊದಲು ಗುಡಿಸಿದೆಯೇ, ನೀರು ಚಿಮುಕಿಸಿದೆಯೇ, ಮರದ ಬುಡಕ್ಕೆ ಸುಣ್ಣ ಬಳಿದಿದೆಯೇ. ಇನೋಬತಳಿಗೆ ಅಷ್ಟು ಸಾಲದು. ಮುಂದೆ ಬರುವವರು ನಿಂತಲ್ಲಿಂದ ಕಾಲು ಕೀಳಬಾರದು, ಅಂಥ ಮುಂಭಾಗ ಬೇಕಿತ್ತು ಅವಳಿಗೆ.

ಅದರ ಯೋಚನೆ ಅವಳು ಮಾಡುತ್ತಿದ್ದ ರೀತಿ ಬೇರೆ. ಅವಳ ತಾಯಿಯ ತವರು ನಮ್ಮ ಊರು ಚುಸ್ತ್. ಈ ಊರಿನ ರಕ್ತವಿರುವ ಹೆಂಗಸಿಗೆ ಟೋಪಿ ಹೊಲಿಯಲು ಯಾರೂ ಕಲಿಸುವುದಿಲ್ಲ, ಬೆರಳಿಗೆ ಅದು ತಾನಾಗಿ ಬರುತ್ತದೆ. ಕಪ್ಪು ಬಟ್ಟೆಯ ಮೇಲೆ ನಾಲ್ಕು ಮೂಲೆಗೆ ಬಿಳಿ ದಾರದ ನಾಲ್ಕು ಮೆಣಸಿನಕಾಯಿ ಕಸೂತಿ, ನಾಲ್ಕರ ತುದಿಯೂ ಒಂದೇ ಕಡೆಗೆ ಬಾಗಿರಬೇಕು, ಒಂದು ಎದುರು ತಿರುಗಿತೋ ಟೋಪಿ ಕೆಟ್ಟಿತು. ಇನೋಬತ್ ನೆಲವನ್ನೂ ಟೋಪಿಯ ಹಾಗೆಯೇ ನೋಡಿದಳು. ಬಾಗಿಲ ಎಡಕ್ಕೆ ಎರಡು ಮೂಲೆ, ಬಲಕ್ಕೆ ಎರಡು. ನಾವು ಚುಚ್ಚಿದ ಕಾಗದವನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದ ಪುಡಿ ತಟ್ಟುತ್ತೇವಲ್ಲ, ಹಾಗೆ ಅವಳು ಗೋಣಿತಾಟಿಗೆ ತೂತು ಮಾಡಿ ನೆಲದ ಮೇಲೆ ಹಾಸಿ ಬೂದಿ ತಟ್ಟಿದಳು. ತಾಟು ಎತ್ತಿದಾಗ ನೆಲದ ಮೇಲೆ ನಾಲ್ಕು ದೊಡ್ಡ ಮೆಣಸಿನಕಾಯಿ ಮೂಡಿದ್ದವು. ಓಣಿಯೆಲ್ಲ ನೋಡಲು ಬಂತು.

"ಇದನ್ನ ತಲೆ ಮೇಲೆ ಇಟ್ಕೊಳ್ಳೋರು ಯಾರಮ್ಮ?" ಎಂದಳು ಪೋಶ್ಶಾ ಖೋಲಾ.

"ಅಳಿಯ" ಎಂದಳು ಇನೋಬತ್.

ಮೊದಲ ಮೂಲೆಗೆ ಗುಲಾಬಿ. ಎರಡನೆಯದಕ್ಕೆ ಕಾಮಕಸ್ತೂರಿ, ಅದರ ಅಂಚಿಗೆ ಹುಬ್ಬಿಗೆ ಹಚ್ಚುವ ಸೊಪ್ಪು, ನೋಡಲು ಬಂದ ಹೆಂಗಸರು ಕಿತ್ತು ಕೈಯಲ್ಲಿ ಹೊಸಕಲಿ ಎಂದು. ಮೂರನೆಯದಕ್ಕೆ ಕೋಳಿಜುಟ್ಟು, ಕರ್ಣಕುಂಡಲ, ಸಂಜೆಮಲ್ಲಿಗೆ. ನಾಲ್ಕನೆಯದಕ್ಕೆ ಪೇಟದ ಹೂ. ದೊಡ್ಡ ರುಮಾಲು ಸುತ್ತಿದ ಹಾಗೆ ಎಸಳ ಮೇಲೆ ಎಸಳು ಅರಳುವ ಹೂ ಅದು, ಕೋಕಂದಿನಲ್ಲಿ ಅವಳ ತಾಯಿಯ ಅಂಗಳದಲ್ಲಿ ಇದ್ದದ್ದು. ಅದರ ಗೆಡ್ಡೆಯನ್ನು ಬಕೆಟ್ಟಿನಲ್ಲಿಟ್ಟು ಲಾರಿಯಲ್ಲಿ ತೊಡೆಯ ಮೇಲೆ ಹೊತ್ತು ತಂದಿದ್ದಳು.

ಅಷ್ಟಕ್ಕೆ ನಿಲ್ಲಿಸಿದ್ದರೆ ಅದೊಂದು ಅಂದವಾದ ಮುಂಭಾಗವೇ ಆಗುತ್ತಿತ್ತು. ನಿಲ್ಲಿಸುವ ಗುಣ ಅವಳಿಗಿರಲಿಲ್ಲ. ವಸಂತದಲ್ಲಿ ನೋಡಲು ಬಂದವರು ಚಹಾ ಕುಡಿದು ಹೋಗಿ ಮತ್ತೆ ಸುದ್ದಿ ಕಳಿಸದಿದ್ದರೆ ಗುಲಾಬಿಯನ್ನು ಬಲಕ್ಕೆ ತರುತ್ತಿದ್ದಳು. ಶರತ್ಕಾಲದಲ್ಲಿ ಬಂದವರೂ ಹಾಗೇ ಹೋದರೆ ಕಾಮಕಸ್ತೂರಿಯನ್ನು ಎಡಕ್ಕೆ. ದ್ರಾಕ್ಷಿ ಚಪ್ಪರ ಹಾಕಿಸಿದಳು, ಬಾಗಿಲು ಕತ್ತಲಾಗುತ್ತದೆಂದು ಕೀಳಿಸಿದಳು. ಬೆಂಚು ಹಾಕಿಸಿದಳು. ಅದರ ಮೇಲೆ ಪೋಶ್ಶಾ ಖೋಲಾ ಬಂದು ಕೂತು ಏಳದಿದ್ದಾಗ ಅದನ್ನೂ ತೆಗೆಸಿದಳು. ಸಂಬಂಧ ಕೂಡದೆ ಇದ್ದದ್ದಕ್ಕೆ ಕಾರಣ ಬೇರೆ. ಬಂದವರು ಹೋಗುವಾಗ ಓಣಿಯ ತುದಿಯಲ್ಲಿ ಯಾರನ್ನೋ ವಿಚಾರಿಸುತ್ತಿದ್ದರು, ಮುರಿದ ರೊಟ್ಟಿಯ ಕತೆ ಕೋಕಂದಿನಿಂದ ನಮ್ಮೂರಿನವರೆಗೂ ನಡೆದು ಬಂದಿತ್ತು. ಇನೋಬತಳಿಗೂ ಅದು ಗೊತ್ತಿತ್ತು. ಆದರೆ ಕತೆಯನ್ನು ಅಗೆದು ತೆಗೆಯಲು ಬರುವುದಿಲ್ಲ. ಗಿಡವನ್ನು ತೆಗೆಯಬಹುದು.

ಪೇಟದ ಹೂವಂತೂ ಅರಳಲೇ ಇಲ್ಲ. ಅದಕ್ಕೆ ಜಾಗ ಬದಲಿಸಿದರೆ ಕೋಪ. ಒಂದು ಕಡೆ ಬಿಟ್ಟರೆ ಎರಡು ಮೂರು ವರ್ಷ ಯೋಚಿಸಿ ಆಮೇಲೆ ಅರಳುವ ಜಾತಿ. ಇವಳು ಅದನ್ನು ಪ್ರತಿ ವರ್ಷ ಮೂಲೆಯಿಂದ ಮೂಲೆಗೆ ಸುತ್ತಿಸುತ್ತಿದ್ದಳು.

"ಅದನ್ನಾದ್ರೂ ಬಿಡೇ" ಎಂದೆ ಒಂದು ಸಲ.

"ಬಿಟ್ರೆ ಅಲ್ಲೇ ಇದ್ದುಬಿಡತ್ತೆ, ಓಪಾ."

ಚಾರೋಸ್ ಗೋಡೆಯ ನೆರಳಲ್ಲಿ ಟೋಪಿ ಹೊಲಿಯುತ್ತ ಕೂತಿದ್ದವಳು ತಲೆ ಎತ್ತಿ, "ಅಮ್ಮ ಹೇಳ್ತಿರೋದು ನನ್ನ ಬಗ್ಗೆ" ಎಂದಳು. ಇನೋಬತ್ ನಗಲಿಲ್ಲ. ಹುಡುಗಿಯೂ ನಗಲಿಲ್ಲ.

ಹೀಗೆ ಕೆಲವು ವರ್ಷ ಕಳೆಯಿತು. ಅವಳ ಗುದ್ದಲಿಯ ಸದ್ದಿಗೆ ನಾನು ಎಷ್ಟು ಒಗ್ಗಿಹೋಗಿದ್ದೆನೆಂದರೆ, ನಮ್ಮ ಮನೆಯವರು ತೀರಿಕೊಂಡ ಆ ಚಳಿಗಾಲದಲ್ಲಿ ಮನೆ ಪೂರ್ತಿ ಮೌನವಾದಾಗ, ಹಿಮ ಕರಗಿ ಎದುರಿನಿಂದ ಮೊದಲ ಸದ್ದು ಕೇಳಿಸಿದ ದಿನ ಎದ್ದು ಚಹಾ ಇಟ್ಟೆ.

ಈಗ ಹೇಳಬೇಕಾದ್ದು ಆ ಶರತ್ಕಾಲದ ಬೆಳಿಗ್ಗೆಯ ವಿಷಯ. ಇನೋಬತ್ ಮುಂಭಾಗವನ್ನೆಲ್ಲ ಕಿತ್ತು ಹಾಕಿದ್ದಳು. ಈ ಸಲ ಮೆಣಸಿನಕಾಯಿಗಳ ತುದಿ ಕಾಲುವೆಯ ಕಡೆಗಲ್ಲ, ಬಾಗಿಲ ಕಡೆಗೆ ತಿರುಗಬೇಕೆಂದು ತೀರ್ಮಾನವಾಗಿತ್ತು. ಎಲ್ಲಿ ನೋಡಿದರೂ ಮಣ್ಣಿನ ಗುಡ್ಡೆ, ಬೇರು, ಬಕೆಟ್ಟು. ಪೇಟದ ಹೂವಿನ ಗೆಡ್ಡೆ ದಾರಿಯ ಪಕ್ಕ ಬಿದ್ದಿತ್ತು. ಅವಳು ಮೊಣಕಾಲುದ್ದ ಕೆಸರಲ್ಲಿ. ನಾನು ನಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ.

ಬಸ್ಸಿಳಿದು ಇಬ್ಬರು ಹೆಂಗಸರು ಬಂದರು. ಒಳ್ಳೆಯ ರೇಷ್ಮೆ, ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ಗಂಟು. ನೋಡಿದೊಡನೆ ನನಗೆ ಗೊತ್ತಾಯಿತು. ಸಂಬಂಧ ಕೇಳಲು ಬಂದವರು. ಇನೋಬತಳಿಗೆ ಗೊತ್ತಾಗಲಿಲ್ಲ. ಮುಂಭಾಗ ಹೀಗಿರುವಾಗ ಯಾರಾದರೂ ಬರುತ್ತಾರೆಂಬ ಯೋಚನೆಯೇ ಅವಳ ತಲೆಯಲ್ಲಿ ಇರಲಿಲ್ಲ. ಸಸಿ ಕೇಳಲು, ಬೀಜ ಕೇಳಲು ಮಾತ್ರ ದಿನಕ್ಕೊಬ್ಬರು ಬಂದೇ ಬರುತ್ತಿದ್ದರು.

ಹಿರಿಯಳು, ಆಮೇಲೆ ತಿಳಿದಂತೆ ಅವಳ ಹೆಸರು ಮಸ್ತೂರಾ, ಎದೆಯ ಮೇಲೆ ಕೈ ಇಟ್ಟು ಸಂಬಂಧ ಕೇಳುವವರು ಹೇಳುವ ಹಾಗೇ ಸುತ್ತಿ ಬಳಸಿ ಹೇಳಿದಳು.

"ನಿಮ್ಮ ಅಂಗಳದಲ್ಲಿ ಒಂದು ಹೂ ಇದೆ ಅಂತ ಕೇಳಿದ್ವಿ ತಾಯಿ. ಆ ಹೂವನ್ನ ಕೇಳ್ಕೊಂಡು ಹೋಗೋಣ ಅಂತ ಕೊಸೊನ್ಸೊಯ್ ಊರಿಂದ ಬಂದ್ವಿ."

ಇನೋಬತ್ ಬಗ್ಗಿದವಳು ಬಗ್ಗಿಯೇ ಇದ್ದಳು. "ಕೊಡೋ ಹಾಗೆ ಇರೋದು ಈಗ ಒಂದೇ."

"ಅದಕ್ಕೇ ಬಂದಿದ್ದು."

"ಮುಚ್ಚಿಡೋದು ಯಾಕೆ, ಕೋಕಂದಿಂದ ತಂದಿದ್ದು. ಅಲ್ಲಿ ಒಂದು ಸಲ ಎಡವಟ್ಟಾಯ್ತು, ಕೂಡಿ ಬರಲಿಲ್ಲ."

ಹೆಂಗಸರು ಮುಖ ಮುಖ ನೋಡಿಕೊಂಡರು. "ಅದೂ ಕಿವಿಗೆ ಬಿದ್ದಿದೆ" ಎಂದಳು ಮಸ್ತೂರಾ. "ಅದರಲ್ಲಿ ಅದರ ತಪ್ಪೇನಿದೆ?"

"ಏನೂ ಇಲ್ಲ, ತಪ್ಪೆಲ್ಲ ನನ್ನದು. ಸುಮ್ನೆ ಇರೋಕೆ ಬಿಡಲಿಲ್ಲ ನಾನು. ಎಳೇದಲ್ಲ, ಮೊದಲೇ ಹೇಳ್ತೀನಿ."

"ಎಳೇದು ನಮಗೂ ಬೇಡ. ಬೇರು ಗಟ್ಟಿ ಇದ್ರೆ ಸಾಕು."

"ಬೇರಿಗೆ ಹೆಸರಿಡೋ ಹಾಗಿಲ್ಲ. ನಮ್ಮಮ್ಮನ ಮನೆಯದು."

ನಾನು ಅಕ್ಕಿ ಆರಿಸುವುದನ್ನು ನಿಲ್ಲಿಸಿದ್ದೆ. ಎಂಥ ಮಾತುಗಾರ್ತಿ ಇವಳು ಎಂದುಕೊಂಡೆ. ಅವರು ಒಗಟಿನಲ್ಲಿ ಕೇಳಿದರೆ ಇವಳು ಒಗಟಿನಲ್ಲೇ ಉತ್ತರ ಕೊಡುತ್ತಿದ್ದಾಳೆ, ತಲೆ ಕೂಡ ಎತ್ತದೆ.

"ನಾವು ಹೇಗೆ ನೋಡ್ಕೋಬೇಕು ಹೇಳಿ" ಎಂದಳು ಮಸ್ತೂರಾ ಮೆತ್ತಗೆ.

ಆಗ ಇನೋಬತ್ ಎದ್ದು ನಿಂತಳು. ಇದು ಅವಳ ಪ್ರೀತಿಯ ವಿಷಯ. "ಜಾಸ್ತಿ ನೀರು ಹುಯ್ಯಬೇಡಿ. ಮುದ್ದು ಮಾಡೋಕೆ ಹೋಗಿ ಕೊಳೆಸಿಬಿಡ್ತಾರೆ ಜನ. ಕತ್ತಿನವರೆಗೂ ಹೂಳಬೇಡಿ, ಉಸಿರಾಡೋಕೆ ಬಿಡಿ. ಒಂದು ಸಲ ಇಟ್ಟ ಮೇಲೆ ಅಲ್ಲಾಡಿಸಲೇಬೇಡಿ. ಮೊದಲನೇ ವರ್ಷ ಮುಖ ಗಂಟು ಹಾಕ್ಕೊಂಡೇ ಇರತ್ತೆ, ಅದಕ್ಕೆ ಬೇಜಾರು ಮಾಡ್ಕೋಬೇಡಿ. ಎರಡನೇ ವರ್ಷ ಸ್ವಲ್ಪ ತಲೆ ಎತ್ತತ್ತೆ. ಆಮೇಲೆ ನೋಡಿ. ನಮ್ಮನೇಲಂತೂ ಅರಳಲಿಲ್ಲ. ನಿಮ್ಮನೇಲಾದ್ರೂ ಅರಳಲಿ."

ಮಸ್ತೂರಾ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. "ಇಷ್ಟು ಬಿಚ್ಚು ಮನಸ್ಸಿನೋರನ್ನ ನಾನು ಎಲ್ಲೂ ನೋಡಿಲ್ಲ."

"ಇರಿ, ಹಾಗೇ ಕೈಗೆ ಕೊಡಬಾರದು, ಸುತ್ತಿ ತರ್ತೀನಿ" ಎಂದು ಇನೋಬತ್ ಗೆಡ್ಡೆಯನ್ನು ಎತ್ತಿಕೊಂಡು ಒಳಗೆ ಹೋದಳು. ಬರುವಾಗ ಕೈಯಲ್ಲಿ ಬಿಳಿ ಗಂಟು. ಟೋಪಿಯ ಒಳಗೆ ಹಾಕುವ ಹೊಸ ಬಿಳಿ ಬಟ್ಟೆ, ಒದ್ದೆ ಮಾಡಿ ಸುತ್ತಿದ್ದಳು. ತುದಿಯಲ್ಲಿ ಗೆಡ್ಡೆಯ ಮೂಗು ಇಣುಕುತ್ತಿತ್ತು.

ಮಸ್ತೂರಾ ಒಂದು ಗಳಿಗೆ ಅದನ್ನೇ ನೋಡಿದಳು. ಜೊತೆಯವಳು ಮೊಣಕೈಯಿಂದ ತಿವಿದಳು. ಕೋಕಂದಿನವರ ಪದ್ಧತಿ ಹೀಗಿರಬಹುದು ಎಂದುಕೊಂಡರೋ ಏನೋ. ಎರಡೂ ಕೈ ಚಾಚಿ ತೆಗೆದುಕೊಂಡು, ಬಟ್ಟೆಗೆ ಮುತ್ತಿಟ್ಟು, ಕಣ್ಣಿಗೊತ್ತಿ, ಆಮೀನ್ ಎಂದು ಅಂಗೈಗಳನ್ನು ಮುಖದ ಮೇಲೆ ಸವರಿಕೊಂಡರು. ಇನೋಬತಳೂ ಕೆಸರಿನ ಕೈಯಲ್ಲೇ ಆಮೀನ್ ಎಂದಳು. ಗಿಡ ಕೊಡುವಾಗಲೂ ನಾವು ಹಾಗೆ ಹೇಳುತ್ತೇವೆ.

"ಒಳಗೆ ಬನ್ನಿ ಅನ್ನೋ ಹಾಗಿಲ್ಲ, ನನ್ನ ಅವತಾರ ನೋಡ್ತಿದೀರಲ್ಲ."

"ಬೇಡಮ್ಮ, ಇದನ್ನ ತಗೊಂಡು ಎಲ್ಲೂ ನಿಲ್ಲಬಾರದು. ನೇರ ಮನೆಗೆ" ಎಂದಳು ಮಸ್ತೂರಾ. ತಂದಿದ್ದ ಗಂಟನ್ನು ಬಕೆಟ್ಟಿನ ಪಕ್ಕ ಇಟ್ಟು ಇಬ್ಬರೂ ಬಸ್ಸಿನ ಕಡೆ ಸರಸರ ಹೋದರು.

ನಾನು ಅಕ್ಕಿ ಅಲ್ಲೇ ಬಿಟ್ಟು ಕಾಲುವೆ ದಾಟಿ ಅವಳನ್ನು ತಬ್ಬಿಕೊಂಡೆ. "ಶುಭವಾಗಲಿ ಕಣೇ. ಯಾರನ್ನೂ ಕೇಳದೆ, ನಿಂತ ನಿಲುವಿನಲ್ಲೇ ಬಿಳಿ ಕೊಟ್ಟುಬಿಟ್ಟೆಯಲ್ಲ."

"ಯಾವ ಬಿಳಿ?"

"ಅಯ್ಯೋ, ಚಾರೋಸಳ ಸಂಬಂಧದ ಬಿಳಿ ಬಟ್ಟೆ."

ಅವಳು ನನ್ನ ಮುಖ ನೋಡಿದಳು. ಬಸ್ಸು ಹೋದ ದಿಕ್ಕು ನೋಡಿದಳು. ಬಕೆಟ್ಟಿನ ಪಕ್ಕದ ಗಂಟು ಬಿಚ್ಚಿದಳು. ಒಳಗೆ ಜೋಡಿ ರೊಟ್ಟಿ, ಸಕ್ಕರೆ ಮಿಠಾಯಿ. ಕೆಸರಿನಲ್ಲೇ ಕೂತುಬಿಟ್ಟಳು.

ಹೆಣ್ಣಿನ ಮನೆಯಿಂದ ಬಿಳಿ ಬಟ್ಟೆ ಕೈಗೆ ಬಂತೆಂದರೆ ಹೂಂ ಎಂದ ಹಾಗೆ. ಅದನ್ನು ಮರಳಿ ಕೇಳುವುದೆಂದರೆ ಎರಡನೇ ಸಲ ಸಂಬಂಧ ಮುರಿದ ಹಾಗೆ, ಈ ಸಲ ಮುರಿದವರು ನಾವೇ ಎಂದಾಗುತ್ತಿತ್ತು. ಆಮೇಲೆ ಚಾರೋಸಳನ್ನು ಕೇಳಿಕೊಂಡು ಒಂದು ನಾಯಿಯೂ ಆ ಬಾಗಿಲಿಗೆ ಬರುತ್ತಿರಲಿಲ್ಲ. ಹಾಗೆಂದು ಯಾರು, ಎಂಥವರು, ಹುಡುಗ ಕುಡಿಯುತ್ತಾನೋ ಹೊಡೆಯುತ್ತಾನೋ ಒಂದೂ ತಿಳಿಯದ ಮನೆಗೆ ಮಗಳನ್ನು ಕೊಡುವುದು ಹೇಗೆ.

ಮಮಸೋಲಿ ಮನೆಗೆ ಬಂದವನು ಕೇಳಿ, ಲಾರಿಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. "ಇಷ್ಟು ವರ್ಷ ನೀನು ಅಗೆದಿದ್ದು ಸುಮ್ನೆ ಹೋಗಲಿಲ್ಲ ಬಿಡು. ಮುಂಭಾಗ ಹಂದಿ ಹೊಕ್ಕ ಹಾಗಿದ್ದ ದಿನವೇ ಸಂಬಂಧ ಕುದುರ್ತು."

"ನಗಬೇಡಿ. ನನ್ನ ಜೀವ ಹೋಗ್ತಿದೆ."

"ನಿನ್ನ ಜೀವ ಎಲ್ಲಿ ಹೋದ್ರೂ ಒಂದು ಕಡೆ ಕೂರಲ್ಲ, ಬಿಡು."

ಓಣಿಯಲ್ಲಿ ಪೋಶ್ಶಾ ಖೋಲಾ, ಮಗಳನ್ನು ಆಲೂಗಡ್ಡೆಯ ಜೊತೆ ಕೊಸರು ಕೊಟ್ಟಳಂತೆ ಎಂದು ಹೇಳಿಕೊಂಡು ತಿರುಗಿದಳು. ಇನೋಬತ್ ಅಂದಿನಿಂದ ಕೂತಲ್ಲಿ ಕೂರಲಿಲ್ಲ. ಒಂದು ಮೂಲೆ ನೆಟ್ಟಳು, ಕಿತ್ತಳು. ಬೂದಿ ತಟ್ಟಿದಳು, ಒರೆಸಿದಳು. ಕೊನೆಗೆ ಬಾಯಿ ಬಿಟ್ಟವಳು ಚಾರೋಸ್. ಸೂಜಿಯ ದಾರವನ್ನು ಹಲ್ಲಿನಿಂದ ಕಡಿದು ಹೇಳಿದಳು.

"ಹೋಗಿ ನೋಡಿ ಬಾ ಅಮ್ಮ. ಹುಡುಗನ್ನಲ್ಲ. ಗೆಡ್ಡೆ ಏನು ಮಾಡಿದಾರೆ ನೋಡು. ಎಸೆದಿದ್ರೆ ಬಿಳಿ ವಾಪಸ್ ತಗೊಂಡು ಬಾ, ನಾನು ಇಲ್ಲೇ ಇರ್ತೀನಿ. ನೆಟ್ಟಿದ್ರೆ, ಹೇಗೆ ನೆಟ್ಟಿದಾರೆ ನೋಡು."

ಸಂತೆಯ ದಿನ ನಾವಿಬ್ಬರೂ ಕೊಸೊನ್ಸೊಯ್ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಕಿಟಕಿಯಿಂದ ಕಂಡ ಪ್ರತಿಯೊಂದು ಬಾಗಿಲ ಮುಂಭಾಗಕ್ಕೂ ಏನಾದರೂ ಹೇಳುತ್ತಿದ್ದಳು. ಅಲ್ಲಿ ಜರ್ದಾಳು ಮರ ತೀರಾ ಮುಂದೆ ಬಂತು. ಇಲ್ಲಿ ಡೇಲಿಯಾ ಬಿಸಿಲಿಗೆ ಬೆನ್ನು ಹಾಕಿದೆ. ಕೈ ಮಾತ್ರ ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಿತ್ತು.

ಬಂದವಳ ಹೆಸರನ್ನು ಪೋಶ್ಶಾ ಖೋಲಾ ಅಷ್ಟರಲ್ಲಿ ಪತ್ತೆ ಮಾಡಿಕೊಟ್ಟಿದ್ದಳು. ಮಸ್ತೂರಾಳ ಮನೆ ಎಲ್ಲಿ ಎಂದು ನೀರು ತರುತ್ತಿದ್ದ ಮುದುಕನನ್ನು ಕೇಳಿದೆವು. "ತಂದೂರು ಮಾಡೋ ಯೋದ್ಗೋರನ ಅಮ್ಮನಾ? ಮುಂದೆ ಹೋಗಿ. ಯಾವ ಬಾಗಿಲ ಮುಂದೆ ಏನೂ ಇಲ್ಲವೋ ಅದೇ."

ನಿಜವಾಗಿಯೂ ಏನೂ ಇರಲಿಲ್ಲ. ಒಂದು ಕಡೆ ತುಳಿದ ಜೇಡಿಮಣ್ಣಿನ ರಾಶಿ, ಅದಕ್ಕೆ ಕಲೆಸುವ ಉಣ್ಣೆ, ಬಿಸಿಲಿಗೆ ಬೋರಲು ಹಾಕಿದ ಹಸಿ ತಂದೂರುಗಳು. ಹೂವಿಲ್ಲ, ಎಲೆಯಿಲ್ಲ. ಇನೋಬತಳ ಮುಖ ಕಪ್ಪಿಟ್ಟಿತು. "ನಡೀರಿ ಓಪಾ, ವಾಪಸ್ ಹೋಗೋಣ. ಇವರಿಗೆ ಮುಂಭಾಗ ಅನ್ನೋದೇ ಇಲ್ಲ."

ಅಷ್ಟರಲ್ಲಿ ನನ್ನ ಕಣ್ಣಿಗೆ ಬಿತ್ತು. ಬಾಗಿಲ ಬಲಕ್ಕೆ, ಬೆಳಗಿನ ಬಿಸಿಲು ಬೀಳುವ ಕಡೆ, ಒಡೆದ ತಂದೂರೊಂದರ ಬಾಯಿಯ ಉಂಗುರವನ್ನು ಕತ್ತರಿಸಿ ನೆಲದಲ್ಲಿ ನಿಲ್ಲಿಸಿದ್ದರು. ಕುರಿ ತುಳಿಯದ ಹಾಗೆ, ಮಣ್ಣಿನ ರಾಶಿ ಜಾರಿ ಬೀಳದ ಹಾಗೆ. ಒಳಗೆ ಜರಡಿ ಹಿಡಿದಷ್ಟು ನುಣ್ಣನೆಯ ಮಣ್ಣು.

ಇನೋಬತ್ ಯಾರ ಮನೆ ಏನು ಎಂದು ನೋಡದೆ ಮಂಡಿಯೂರಿದಳು. ಉಂಗುರದೊಳಗೆ ಬೆರಳು ತೂರಿಸಿ ಗೆಡ್ಡೆಯ ಕತ್ತು ಎಷ್ಟು ಆಳದಲ್ಲಿದೆ ಎಂದು ತಡಕಾಡಿದಳು. ಬೆರಳು ಅಲ್ಲೇ ನಿಂತಿತು. ಮುಖ ನಿಧಾನಕ್ಕೆ ತಿಳಿಯಾಯಿತು.

ಬಾಗಿಲು ತೆರೆದು ಮಸ್ತೂರಾ ಹೊರಗೆ ಬಂದಳು. "ಬೀಗಿತ್ತಿ! ಅಲ್ಲೇನು ಹುಡುಕ್ತಾ ಇದೀರಿ?"

ಇನೋಬತ್ ಬೆರಳಿನ ಮಣ್ಣನ್ನು ನೋಡಿದಳು, ನನ್ನನ್ನು ನೋಡಿದಳು. "ಆಳ ನೋಡ್ತಿದ್ದೆ, ಬೀಗಿತ್ತಿ" ಎಂದಳು. "ಸರಿಯಾಗಿದೆ."

ಅಲ್ಲಿಗೆ ಮುಗಿಯಿತು. ತನಗೆ ಅಂದು ಏನೂ ತಿಳಿದಿರಲಿಲ್ಲ ಎಂದು ಅವಳು ಮಸ್ತೂರಾಳಿಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಹುಡುಗ ಹುಡುಗಿ ನಮ್ಮ ಮನೆಯ ದ್ರಾಕ್ಷಿ ಚಪ್ಪರದ ಕೆಳಗೆ ಒಂದು ಸಲ ಕೂತು ಮಾತಾಡಿದರು. ನಾನು ಚಹಾ ಇಡುವ ನೆಪದಲ್ಲಿ ಹತ್ತಿರದಲ್ಲೇ ಇದ್ದೆ. ಯೋದ್ಗೋರ್ ಅಗಲ ಭುಜದ ಆಳು, ಮೂವತ್ತು ದಾಟಿರಬೇಕು, ಉಗುರ ಸಂದಿಯಲ್ಲಿ ಜೇಡಿಮಣ್ಣು.

"ಗೆಡ್ಡೆನ ಹಾಗೆ ನೆಡಬೇಕು ಅಂತ ನಿಮಗೆ ಯಾರು ಹೇಳಿದ್ದು?" ಎಂದಳು ಚಾರೋಸ್.

"ನಿಮ್ಮಮ್ಮ. ಅವರು ಹೇಳಿದ್ದನ್ನೆಲ್ಲ ನಮ್ಮಮ್ಮ ಬಾಯಿಪಾಠ ಮಾಡ್ಕೊಂಡು ಬಂದು ನನಗೆ ಹೇಳಿದ್ಲು, ನಿಮ್ಮ ಬಗ್ಗೆ ಅಂತ. ಕತ್ತಿನವರೆಗೂ ಹೂಳಬೇಡಿ ಅಂದಾಗ ನನಗೆ ಅನುಮಾನ ಬಂತು. ಇದು ಗೆಡ್ಡೆ ಬಗ್ಗೆ ಅಂತ."

ಚಾರೋಸ್ ಬಟ್ಟಲನ್ನು ಕೆಳಗಿಟ್ಟಳು. "ಆಮೇಲೆ?"

"ಆಮೇಲೆ ಏನು, ಎರಡಕ್ಕೂ ಇರಲಿ ಅಂತ ನೆನಪಿಟ್ಕೊಂಡಿದೀನಿ."

ಅವಳು ನಕ್ಕದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಅವನೂ ನಕ್ಕ. ಅವನ ಕಣ್ಣು ನಗುತ್ತದೋ ಇಲ್ಲವೋ ಎಂದು ನಾನೂ ಬಗ್ಗಿ ನೋಡಿದೆ. ನಗುತ್ತಿತ್ತು.

ಮದುವೆಯಾದ ಮೇಲೆ ಇನೋಬತ್ ಸುಮ್ಮನಾಗುತ್ತಾಳೆ ಎಂದು ಓಣಿಯೆಲ್ಲ ಅಂದುಕೊಂಡಿತ್ತು. ಯಾರಿಗಾಗಿ ಇನ್ನು ಅಗೆಯುವುದು. ಅವಳು ಅಗೆಯುತ್ತಲೇ ಇದ್ದಳು. ಮಗಳ ಮನೆಗೆ ಹೋಗುವಾಗ ಚೀಲದಲ್ಲಿ ರೊಟ್ಟಿಯ ಕೆಳಗೆ ಕೈಗುದ್ದಲಿ. ಅವರ ಬೋಳು ಮುಂಭಾಗ ಅವಳ ನಿದ್ದೆ ಕೆಡಿಸಿತ್ತು, ತಂದೂರಿನ ಉಂಗುರವನ್ನು ಒಂದು ಮೊಳ ಎಡಕ್ಕೆ ಸರಿಸಬೇಕೆಂದು ಒಂದೇ ಚಡಪಡಿಕೆ. ಅಳಿಯ ಬಾಗಿಲಲ್ಲೇ ಚೀಲ ಇಸಿದುಕೊಳ್ಳುತ್ತಿದ್ದ.

"ಅತ್ತೆ, ರೊಟ್ಟಿ ಒಳಗೆ ಬರಲಿ, ಗುದ್ದಲಿ ಇಲ್ಲೇ ಇರಲಿ."

"ಒಂದೇ ಮೊಳ ಕಣಪ್ಪ."

"ಅಲ್ಲಾಡಿಸಲೇಬೇಡಿ ಅಂದಿದ್ದು ಯಾರು?"

ಮೂರನೆಯ ವಸಂತದಲ್ಲಿ ಅದು ಅರಳಿತು. ಚಾರೋಸ್ ಒಂದು ಹೂವನ್ನು ನೀರಿನ ಬಟ್ಟಲಿನಲ್ಲಿಟ್ಟು, ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡು ಬಸ್ಸಿನಲ್ಲಿ ತಂದಳು. ಮಗುವಿನ ತಲೆಗಿಂತ ದೊಡ್ಡದಿತ್ತು ಹೂ. ಇನೋಬತ್ ಅದನ್ನು ಮೂಸಿ ನೋಡಿದಳು, ತಿರುಗಿಸಿ ನೋಡಿದಳು. ತಾಯಿಯ ಅಂಗಳದ್ದೇ ಬಣ್ಣ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಎಡಕ್ಕೆ ಇದ್ದಿದ್ದರೆ ಇನ್ನೂ ಗಾಢವಾಗಿ ಬರುತ್ತಿತ್ತು ಎಂದಳು.

ತನ್ನ ಸ್ವಂತ ಮುಂಭಾಗದಲ್ಲಿ ಮೂರು ಮೂಲೆ ಹೇಗೋ ನೆಲೆ ನಿಂತವು. ನಾಲ್ಕನೆಯದು ನಿಲ್ಲಲಿಲ್ಲ. ಸೇಬಿನ ಜಾತಿಯ ಬಿಹಿ ಹಣ್ಣಿನ ಸಸಿ ಇಟ್ಟಳು, ಅದು ಬೇಡವೆಂದು ಪೋಶ್ಶಾ ಖೋಲಾಳಿಗೆ ಕೊಟ್ಟಳು. ಈಗ ಅದು ಅವಳ ಬಾಗಿಲಲ್ಲಿ ರೆಂಬೆ ಬಾಗುವಷ್ಟು ಬಿಡುತ್ತದೆ. ಚೆಂಡುಹೂ ಹಾಕಿದಳು, ಬೀಜ ಆಗುವ ಮೊದಲೇ ತೆಗೆದಳು. ಮಮಸೋಲಿ ತೀರಿಕೊಂಡ ವರ್ಷ ಅಲ್ಲೊಂದು ಗುಲಾಬಿ ಬಂತು. ಮಾರನೇ ವರ್ಷ ಅದೂ ಇರಲಿಲ್ಲ. ಮೂರು ಮೆಣಸಿನಕಾಯಿ, ಒಂದು ಬರಿಯ ನೆಲ. ಟೋಪಿ ಹೊಲಿಯುವ ಹುಡುಗಿಯರು ಆ ದಾರಿಯಲ್ಲಿ ಹೋಗುವಾಗ, ಇನೋಬತ್ ಖೋಲಾ ಇನ್ನೂ ಮುಗಿಸಿಲ್ಲ ಎಂದು ನಗುತ್ತಿದ್ದರು.

ಆಮೇಲೆ ಕಾಲು ಸೋತವು. ಬಾಗಿಲಲ್ಲಿ ಮಂಚ ಹಾಕಿಸಿಕೊಂಡು ಅಲ್ಲಿಂದಲೇ ಕೋಲು ತೋರಿಸುತ್ತಿದ್ದಳು. ಅಗೆಯುವ ಕೆಲಸ ನನ್ನ ಪಾಲಿಗೆ ಬಂತು. ನನಗೂ ವಯಸ್ಸಾಗಿತ್ತು, ಗುದ್ದಲಿಗಿಂತ ಬಾಯಿಯೇ ಜಾಸ್ತಿ ಓಡುತ್ತಿತ್ತು.

"ಇನ್ನೊಂಚೂರು ಆ ಕಡೆ, ಓಪಾ."

"ಆ ಕಡೆ ಅಂದ್ರೆ ಕಾಲುವೆಗೆ ಬೀಳ್ತೀನಿ."

"ಬಿದ್ರೆ ಎತ್ತೋಕೆ ಅಳಿಯ ಬರ್ತಾನೆ. ಇನ್ನೊಂಚೂರು."

ಕೊನೆಯ ಚಳಿಗಾಲದಲ್ಲಿ ಮಂಚವನ್ನು ಒಳಗೆ, ಕಿಟಕಿಯ ಪಕ್ಕಕ್ಕೆ ತೆಗೆದುಕೊಂಡರು. ವಸಂತದಲ್ಲಿ ಬರುವ ನಮ್ಮ ಹೊಸ ವರ್ಷದ ಹಬ್ಬ ಹತ್ತಿರ ಬಂದಿತ್ತು, ಓಣಿಯಲ್ಲೆಲ್ಲ ಬಾಗಿಲ ಮುಂದೆ ಸುಣ್ಣ ಬಳಿಯುತ್ತಿದ್ದರು. ಚಾರೋಸ್ ಬಂದು ಒಂದು ವಾರದಿಂದ ಅಲ್ಲೇ ಇದ್ದಳು. ತಾಯಿಯ ಕಣ್ಣಿಗೆ ಹಿತವಾಗಲೆಂದು ಆ ಖಾಲಿ ಮೂಲೆಗೆ ತನ್ನ ಮನೆಯ ಪೇಟದ ಹೂವಿನಿಂದ ಒಂದು ಭಾಗ ತಂದಿದ್ದಳು, ಬಿಳಿ ಬಟ್ಟೆಯಲ್ಲಿ ಸುತ್ತಿ. ಎಲ್ಲಿ ನೆಡಲಿ ಖೋಲಾ ಎಂದು ನನ್ನನ್ನೇ ಕೇಳಿದಳು. ನಾನು ಗುದ್ದಲಿ ತೆಗೆದುಕೊಂಡು ಹೊರಗೆ ಹೊರಟಿದ್ದೆ.

ಕಿಟಕಿಯ ಗಾಜಿಗೆ ಬೆರಳಿನಿಂದ ತಟ್ಟುವ ಸದ್ದು ಕೇಳಿಸಿತು. ಒಳಗೆ ಹೋದೆ. ಇನೋಬತ್ ನನ್ನ ತೋಳಿನ ಬಟ್ಟೆಯನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಧ್ವನಿ ಸಣ್ಣಗಿತ್ತು, ಅವಸರ ಮಾತ್ರ ಹಳೆಯದೇ.

"ಓಪಾ, ಆ ಮೂಲೇಲಿ ಯಾರಿಗೂ ಏನೂ ನೆಡೋಕೆ ಬಿಡಬೇಡಿ. ನಾನಿನ್ನೂ ಯೋಚನೆ ಮಾಡ್ತಾ ಇದೀನಿ."